ಕುರಿ ತರುಬಿದ ಗದ್ದೆ

ಕುರುಬನಿಗೆ ದೇವರು ಒಳ್ಳೆಯ ಕಿವಿ ಕೊಟ್ಟಿರುತ್ತಾನೆ. ಹಿಂಡಿನೊಳಗೆ ಯಾವ ತಾಯಿ ಯಾವ ಮರಿಯನ್ನು ಕೂಗಿತು ಎಂದು ಕಣ್ಣು ಮುಚ್ಚಿಕೊಂಡೇ ಹೇಳಬಲ್ಲ ಕಿವಿ ಅದು. ಯಲಬುರ್ಗಾ ಸೀಮೆಯ ಗೋಣೆಪ್ಪನ ಕಿವಿಯೂ ಅಂಥದ್ದೇ. ತೋಳ ಹುಲ್ಲು ತುಳಿದರೆ ಕಂಬಳಿಯೊಳಗಿಂದ ಎದ್ದು ಕೂರುತ್ತಿದ್ದ. ಆದರೆ ಬೀರದೇವರು ಆ ಕಿವಿಯ ಜೊತೆಗೆ ಒಂದು ಹಿಡಿ ಹಮ್ಮನ್ನೂ ಕೊಟ್ಟಿದ್ದ. ತನಗೆ ತೆಲುಗು ಬರುತ್ತದೆ ಎಂಬ ಹಮ್ಮು.

"ಮಾವ, ನಿನ್ನ ತೆಲಗು ಕೇಳಿದರ ಆಂಧ್ರದೋರ ಕ್ಯಾಂಪಿನ ನಾಯಿ ಸೈತ ನಗತಾವ" ಎಂದು ಹೆಂಡತಿ ಗಾಳೆಮ್ಮ ಕಾಡುತ್ತಿದ್ದಳು. ಅಕ್ಕನ ಮಗಳನ್ನೇ ಮದುವೆಯಾದವನು ಅವನು; ಅವಳಿಗೆ ಅವನು ಹುಟ್ಟಿದಾಗಿನಿಂದ ಮಾವನೇ.

"ನಗಲಿ ಬಿಡ. ನಕ್ಕ ನಾಯಿ ಕಡಿಯಂಗಿಲ್ಲ" ಅನ್ನುತ್ತಿದ್ದ ಗೋಣೆಪ್ಪ.

ಎಪ್ಪತ್ತೊಂಬತ್ತನೆಯ ಇಸವಿಯ ಪುಷ್ಯಮಾಸ ಅದು. ಪ್ರತಿ ವರ್ಷದಂತೆ ಗಂಡ ಹೆಂಡತಿ ಕುರಿ ಹೊಡೆದುಕೊಂಡು ಗಂಗಾವತಿಯ ಕಾಲುವೆ ಸೀಮೆಗೆ ಇಳಿದಿದ್ದರು. ಗೋಣೆಪ್ಪನ ಅಪ್ಪನ ಕಾಲದಲ್ಲಿ ಭತ್ತ ಕೊಯ್ದ ಮರುದಿನವೇ ಗದ್ದೆಯವರು ಕುರುಬರನ್ನು ಹುಡುಕಿಕೊಂಡು ಬರುತ್ತಿದ್ದರು. "ನಮ್ಮ ಗದ್ದಿಗೆ ಎಂಟು ದಿನ ಕುರಿ ತರುಬ್ರಿ" ಎಂದು ಎಲೆ ಅಡಿಕೆ ಕೊಡುತ್ತಿದ್ದರು. ಹಗಲೆಲ್ಲ ಕೂಳೆ ಮೇದ ಕುರಿ ಇರುಳೆಲ್ಲ ಅದೇ ಗದ್ದೆಯಲ್ಲಿ ಮಲಗಿ ಹಿಕ್ಕೆ ಉದುರಿಸಿ, ಉಚ್ಚೆ ಹೊಯ್ದು, ಬೆಳಗಿಗೆ ಏಳುತ್ತಿತ್ತು. "ನೆಲದ್ದು ನೆಲಕ್ಕ ಹೋಗಬೇಕು, ತಮ್ಮಾ. ನಡುವ ಕುರಿ ಹೊಟ್ಟಿ ಅಂಬೋದು ಒಂದು ದಾರಿ, ಅಷ್ಟ" ಎನ್ನುತ್ತಿದ್ದ ಅಪ್ಪ.

ಆಮೇಲೆ ಹೊಸ ಬೀಜ ಬಂತು. ಗಿಡ್ಡ ಕಡ್ಡಿ, ಭಾರದ ತೆನೆ. ಅದರ ಹುಲ್ಲನ್ನು ದನ ಮೂಸಿ ಮುಖ ತಿರುಗಿಸಿದವು. ಹಿಂದೆಯೇ ಯೂರಿಯಾ ಚೀಲ ಬಂತು, ಟ್ರ್ಯಾಕ್ಟರ್ ಬಂತು, ಎರಡನೆಯ ಬೆಳೆ ಬಂತು. ಒಂದು ಬೆಳೆ ಕಣ ಸೇರುವುದರೊಳಗೆ ಇನ್ನೊಂದರ ಸಸಿ ಮಡಿಯಲ್ಲಿ ಎದ್ದು ನಿಂತು ಅವಸರ ಮಾಡುತ್ತಿತ್ತು. ಕಾಲುವೆಗೆ ನೀರು ಬಿಡುವ ತಾರೀಕು ಯಾರಿಗೂ ಕಾಯುವುದಿಲ್ಲ. ಕುರಿ ಎಂಟು ದಿನ ಮಾಡುವ ಕೆಲಸವನ್ನು ಒಂದು ಕಡ್ಡಿಪೆಟ್ಟಿಗೆ ಒಂದು ತಾಸಿನಲ್ಲಿ ಮುಗಿಸುತ್ತಿತ್ತು. ಗಂಗಾವತಿಯಿಂದ ಶ್ರೀರಾಮನಗರದ ಆಚೆತನಕ ಪುಷ್ಯಮಾಸವೆಂದರೆ ಹೊಗೆಯ ಮಾಸವಾಯಿತು. ಮಟಮಟ ಮಧ್ಯಾಹ್ನದ ಸೂರ್ಯ ಅಳಿಸಿದ ಕುಂಕುಮದಂತೆ ಕಾಣುತ್ತಿದ್ದ. ಮೊದಲು ಕುರಿಯ ಹೊಟ್ಟೆಗೆ ಹೋಗುತ್ತಿದ್ದುದು ಈಗ ಮುಗಿಲ ಹೊಟ್ಟೆಗೆ ಹೋಗತೊಡಗಿತ್ತು. ಕುರಿ ಉಂಡದ್ದನ್ನು ಬೆಳಗಾಗುವುದರೊಳಗೆ ತಿರುಗಿ ಕೊಡುತ್ತಿತ್ತು. ಮುಗಿಲು ಉಂಡದ್ದನ್ನು ಯಾವಾಗ ಕೊಡುತ್ತದೆ, ಏನಾಗಿ ಕೊಡುತ್ತದೆ, ಯಾರಿಗೂ ಗೊತ್ತಿರಲಿಲ್ಲ.

ಮೂರು ವರ್ಷದಿಂದ ಗೋಣೆಪ್ಪನನ್ನು ಯಾರೂ ಕರೆದಿರಲಿಲ್ಲ. ಹಿಂಡು ಕರಗಿ ಅರ್ಧಕ್ಕೆ ಬಂದಿತ್ತು. ಈ ಸಲ ಮಾತ್ರ ದಾರಿಯಲ್ಲೇ ಮೂವತ್ತೊಂದು ಮರಿ ಬಿದ್ದಿದ್ದವು. ಅವುಗಳ ತಾಯಂದಿರಿಗೆ ಎಂಟು ದಿನ ಹಸಿ ಕೂಳೆ ಸಿಕ್ಕು ಕೆಚ್ಚಲು ತುಂಬಿದರೆ ಮರಿ ಬದುಕುತ್ತಿದ್ದವು. ಮರಿ ಬದುಕಿದರೆ ಹಿಂಡು ಬದುಕುತ್ತಿತ್ತು. ಇಲ್ಲದಿದ್ದರೆ ಉಳಿದದ್ದನ್ನು ಕಟುಕರಿಗೆ ಮಾರಿ, ಅಪ್ಪನ ಕಂಬಳಿ ಮಡಿಚಿಟ್ಟು, ಇದೇ ಸೀಮೆಯ ಯಾವುದಾದರೂ ಕ್ಯಾಂಪಿನಲ್ಲಿ ಸಸಿ ಹಚ್ಚುವ ಕೂಲಿಗೆ ನಿಲ್ಲಬೇಕಿತ್ತು.

ಅದಕ್ಕೇ ಅವನು ಸೂರಯ್ಯನ ಬಳಿಗೆ ಹೋದ. ಶ್ರೀರಾಮನಗರದಾಚೆಯ ಕ್ಯಾಂಪಿನ ಸೂರಯ್ಯ ಕರಾವಳಿ ಆಂಧ್ರದಿಂದ ಬಂದು ಇಲ್ಲಿಯ ಜಾಲಿಮುಳ್ಳು ಕಡಿದು ಗದ್ದೆ ಮಾಡಿದವನು. ಕೆಟ್ಟವನಲ್ಲ. ಬಾಯಲ್ಲಿ ಸದಾ ಹೊಗೆಯಾಡುವ ಚುಟ್ಟ, ತಲೆಯಲ್ಲಿ ಸದಾ ನೀರಿನ ತಾರೀಕು. ಪಕ್ಕದ ಗದ್ದೆಯಲ್ಲಿ ಮಕ್ಬುಲಸಾಬ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಅದರ ಡೀಸೆಲ್ ಗದ್ದಲದಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧವೇ ಮುಟ್ಟುತ್ತಿತ್ತು.

"ಕೂಳಿ ಸುಡಬ್ಯಾಡ್ರಿ ಧಣ್ಯಾರ. ನನ್ನ ಕುರಿ ತರುಬತೀನಿ. ಗೊಬ್ಬರ ಪುಕ್ಕಟ" ಎಂದ ಗೋಣೆಪ್ಪ.

"ಗೊಬ್ಬರ ಚಲೋದೇ ಅಪ್ಪಾ. ಟೈಮು ಯಾರು ಕೊಡತಾರು? ಹತ್ತನೇ ತಾರೀಕು ನೀರು ಬರತದೆ. ಎಪ್ಪತ್ತೆರಡರ ಬರದಲ್ಲಿ ನೀನು ಏನು ತಿಂದಿ?"

"ಗಂಜಿಕೇಂದ್ರದ ಕೆಂಪು ಜೋಳರಿ. ಹಡಗಿನ್ಯಾಗ ಬಂದಿದ್ದಂತ."

"ನೋಡು! ಅದು ಮತ್ತೆ ಬರಬಾರದು ಅಂದರೆ ನಾನು ಎರಡು ಬೆಳೆ ತೆಗೀಬೇಕು. ಸರ್ಕಾರದ ಲೆವಿಗೆ ಭತ್ತ ಕೊಡಬೇಕು. ದೇಶಕ್ಕೆ ಅನ್ನ ಬೇಡವೇನು?"

ಹಸಿವನ್ನು ಕಂಡವನು ಅನ್ನದ ಮಾತಿಗೆ ಎದುರಾಡುವುದು ಹೇಗೆ? ಗೋಣೆಪ್ಪ ಕೋಲಿಗೆ ಗಲ್ಲ ಊರಿ ಕೂಳೆಯನ್ನೇ ನೋಡುತ್ತ ನಿಂತ. ಆ ನಿಲುವು ನೋಡಿ ಸೂರಯ್ಯನೂ ಮೆತ್ತಗಾದ. ಗದ್ದೆಯ ಕಡೆ ಕೈ ಬೀಸಿ, ಚುಟ್ಟವನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ, ಅವಸರಕ್ಕೆ ತನ್ನ ತಾಯಿನುಡಿಯಲ್ಲಿ ಏನೋ ಹೇಳಿದ. ಗೋಣೆಪ್ಪನಿಗೆ ಕೇಳಿಸಿದ್ದು ಇಷ್ಟು: ಇವತ್ತು ಮೇಯಿಸಿಕೋ. "ರೇಪು ಸಾಯಂತ್ರಂ ಮಂದ ಪೆಡತಾಂ. ಸರೇನಾ?"

ಮಂದ ಎಂಬ ಮಾತು ಅವನಿಗೆ ಬಾಲ್ಯದಿಂದ ಗೊತ್ತು. ಕುರಿ ಹಿಂಡಿಗೆ ತೆಲುಗರು ಹಾಗೆ ಅನ್ನುತ್ತಾರೆ; ಗದ್ದೆಯಲ್ಲಿ ಕುರಿ ತರುಬುವುದೆಂದರೆ ಅವರ ಬಾಯಲ್ಲಿ ಮಂದ ಪೆಟ್ಟುವುದು. ನಾಳೆ ಸಂಜೆಗೆ ಕುರಿ ತರುಬೋಣ, ಸರಿಯೇ?

"ಸರೇನಂಡಿ! ಸರೇ, ಸರೇ!" ಎಂದ ಗೋಣೆಪ್ಪ. ಕಣ್ಣಲ್ಲಿ ನೀರು ಬಂತು. ಭಂಡಾರದ ಚೀಲಕ್ಕೆ ಕೈ ಹಾಕಿ, ಬೀರದೇವರ ಹೆಸರು ಹೇಳಿ, ಚಿಟಿಕೆ ಅರಿಶಿನ ಗದ್ದೆಯ ಬದುವಿಗೆ ತೂರಿದ.

"ಒಪ್ಪಿದನ?" ಎಂದಳು ಗಾಳೆಮ್ಮ.

"ಒಪ್ಪದ ಏನು ಮಾಡ್ತಾನ? ತೆಲಗಿನ್ಯಾಗ ಮಾತಾಡೀನಿ."

"ಹಂಗಾರ ಇನ್ನೊಮ್ಮೆ ಕೇಳಿಕೊಂಡು ಬಾ."

"ಹೋಗ ನಿನ್ನ!" ಎಂದು ನಕ್ಕ ಗೋಣೆಪ್ಪ. ಇನ್ನೊಮ್ಮೆ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಗಾಳೆಮ್ಮ ಬಿಡಾರ ಎತ್ತಿ ಸೂರಯ್ಯನ ಗದ್ದೆಗೆ ತಂದಳು. ಗದ್ದೆಯ ನಡುವೆ ಒಂದು ಜಾಲಿಗಿಡ, ಅದರ ಹತ್ತಿರ ಆಳೆತ್ತರದ ಹುಲ್ಲಿನ ಬಣವೆ. ಬಣವೆಯ ಮರೆಗೆ, ನೆರಳು ನೋಡಿ, ಗೂಟ ಹೊಡೆದು ಬಲೆ ಕಟ್ಟಿದಳು. ತಾಯಿ ಕುರಿಗಳು ಮೇಯಲು ಹೋದಾಗ ಎಳೆಯ ಮರಿಗಳನ್ನು ಹಗಲೆಲ್ಲ ಬಲೆಯೊಳಗೆ ಇಡುವುದು ಕುರುಬರ ರೂಢಿ. ಮೂವತ್ತೊಂದು ಮರಿ ಒಳಗೆ ಬಿಟ್ಟು, ನಾಯಿ ಕರಿಯನನ್ನು ಕಾವಲಿಗೆ ಕೂರಿಸಿದಳು. ಗೋಣೆಪ್ಪ ಹಿಂಡು ಹೊಡೆದುಕೊಂಡು ಕಾಲುವೆಯ ಏರಿಯ ಮೇಲೆ ಹೊರಟ. ಸಂಜೆಗೆ ಇಲ್ಲಿಗೇ ಬರುವುದಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಗಾಳೆಮ್ಮ ಕೊಡ ಹಿಡಿದು ಕಾಲುವೆಗೆ ಹೋದಳು. ಅದೇ ಹೊತ್ತಿಗೆ ಸೂರಯ್ಯನ ಮೂವರು ಆಳುಗಳು ಗದ್ದೆಯ ಮೂಡಣ ಬದುವಿಗೆ ಬಂದರು. ಹಿಂದಿನವರು ಗದ್ದೆಗೆ ಕಿಚ್ಚು ಹಚ್ಚುವ ಮುಂಚೆ ತಟ್ಟೆ ಬಡಿಯುತ್ತ ಒಂದು ಸುತ್ತು ಬರುತ್ತಿದ್ದರು. ಮೊಲ, ಹಾವು, ಗೀಜಗ, ಜೀವ ಇದ್ದದ್ದು ಹೊರಗೆ ಹೋಗಲಿ ಎಂದು. ಹತ್ತನೆಯ ತಾರೀಕಿನ ನೀರು ತಲೆಯಲ್ಲಿ ಇದ್ದವರಿಗೆ ಸುತ್ತು ಬರಲು ಪುರುಸೊತ್ತಿರಲಿಲ್ಲ. ಒಂದೇ ಸಾಲಿಗೆ ಮೂರು ಕಡೆ ಕಡ್ಡಿ ಗೀರಿದರು. ಮೂಡಣ ಗಾಳಿ ಬೆನ್ನಿಗಿತ್ತು.

ಅಗ್ನಿಯೂ ದೇವರೇ. ಆದರೆ ಕರೆದ ಮೇಲೆ ಬರಿಗೈಲಿ ಹೋಗುವ ದೇವರಲ್ಲ.

ಏರಿಯ ಮೇಲೆ ಗೋಣೆಪ್ಪ ಹೊಗೆ ನೋಡಿದ. ಯಾವನೋ ಸುಡುತ್ತಿದ್ದಾನೆ ಅಂದುಕೊಂಡ. ಸುತ್ತಲೂ ನಾಲ್ಕು ಕಡೆ ಹೊಗೆ ಇದ್ದಲ್ಲಿ ಐದನೆಯದಕ್ಕೆ ಯಾರು ಬೆಚ್ಚುತ್ತಾರೆ? ಆಗ ಗಾಳಿ ಒಂದು ಸದ್ದು ತಂದಿತು. ಅವನ ಕಿವಿಗೆ ಗೊತ್ತಿದ್ದ ಸದ್ದು. ಮೂವತ್ತೊಂದು ಮರಿ ಒಂದೇ ಸಲ ಕೂಗಿದ್ದವು. ಅವನಿಗಿಂತ ಮೊದಲು ತಾಯಿಕುರಿಗಳು ತಿರುಗಿ ಓಡಿದವು. ಅವುಗಳ ನಡುವೆ, ಎಡವುತ್ತ ಬೀಳುತ್ತ, ಅವನೂ ಓಡಿದ.

ಬಂದು ನೋಡಿದರೆ ಗದ್ದೆ ಗದ್ದೆಯಾಗಿರಲಿಲ್ಲ. ಹೊಗೆಯೊಳಗೆ ಗಾಳೆಮ್ಮ ಇದ್ದಳು. ಕೊಡದ ನೀರನ್ನು ಮೈಮೇಲೆ ಸುರಿದುಕೊಂಡು ಒಳಗೆ ನುಗ್ಗಿದವಳು, ಬಲೆಯ ಹಗ್ಗ ಬಿಚ್ಚಲು ಬಾರದೆ ಹಲ್ಲಿನಿಂದ ಕಡಿಯುತ್ತಿದ್ದಳು. ಹರಿದ ಕಂಡಿಯಿಂದ ಒಂದೊಂದೇ ಮರಿಯನ್ನು ಕಾಲು ಹಿಡಿದು ಎಳೆದು ಬದುವಿನಾಚೆಯ ಬಸಿಗಾಲುವೆಗೆ ಎಸೆಯುತ್ತಿದ್ದಳು. ಎಸೆದು ಎಣಿಸುತ್ತಿದ್ದಳು. "ಆರು... ಏಳು..." ಬಣವೆ ಹೊತ್ತಿಕೊಂಡಿತು. ಭುಗಿಲೆಂದು ಎದ್ದ ಉರಿ ಬಲೆಯ ಮೇಲೆ ಕವುಚಿತು. ಉಣ್ಣೆಗೆ ಕಿಡಿ ಬಿದ್ದ ಮರಿಗಳು ಬಲೆಗೆ ಡಿಕ್ಕಿ ಹೊಡೆದು ಹಿಂದಕ್ಕೆ ಬಿದ್ದವು, ಮತ್ತೆ ಎದ್ದವು, ಮತ್ತೆ ಡಿಕ್ಕಿ ಹೊಡೆದವು. ಕರಿಯ ಕಾವಲು ಬಿಡಲಿಲ್ಲ. ಬೆಂಕಿಯನ್ನೇ ತೋಳವೆಂದು ತಿಳಿದು ಬೊಗಳಿತು, ಮೇಲೆ ಹಾರಿತು, ಅದರ ಬೊಗಳು ನಡುವಿನಲ್ಲೇ ಕಡಿದುಹೋಯಿತು.

"ಒಂಬತ್ತು!" ಎಂದು ಕಿರುಚಿದಳು ಗಾಳೆಮ್ಮ. ಅವಳ ಸೆರಗು ಉರಿಯುತ್ತಿತ್ತು. ಗೋಣೆಪ್ಪ ಅವಳನ್ನು ಕಂಬಳಿಯಲ್ಲಿ ಸುತ್ತಿ ಎಳೆದ. ಅವಳು ಅವನ ಮುಖಕ್ಕೆ ಹೊಡೆದಳು, ಭುಜ ಕಚ್ಚಿದಳು. "ಬಿಡು ಮಾವ! ಇನ್ನೂ ಅದಾವ! ಇನ್ನೂ ಒದರಾಕ ಹತ್ಯಾವ!" ಅವನು ಬಿಡಲಿಲ್ಲ. ಇಬ್ಬರೂ ಬದುವಿನಿಂದ ಉರುಳಿ ಬಸಿಗಾಲುವೆಯ ಕೆಸರಿಗೆ ಬಿದ್ದರು. ಒದರುವುದು ನಿಂತಿತು.

ಕಂಬಳಿ ಬಿಚ್ಚಿದಾಗ ಅವಳ ಎರಡು ಅಂಗೈಯ ಚರ್ಮ ಕಂಬಳಿಗೆ ಅಂಟಿ ಬಂತು.

ಗೋಣೆಪ್ಪ ಆ ಕೈಗಳನ್ನು ನೋಡಿದ. ಕೆಸರು ಮೆತ್ತಿದ ಭಂಡಾರದ ಚೀಲ ಹಿಡಿದ. "ಬೀರಪ್ಪಾ, ಯಾರ ತಪ್ಪಿನಿಂದ ಇದು ಆತೋ ಅವನ ರಕ್ತ ಈ ಮಣ್ಣಿಗೆ ಬೀಳದ ಬಿಡಂಗಿಲ್ಲ" ಎಂದ. ಕೂಗಿ ಹೇಳಲಿಲ್ಲ. ಮೆಲ್ಲಗೆ, ದೇವರಿಗಷ್ಟೇ ಕೇಳುವಂತೆ ಹೇಳಿದ. ಹಾಗೆ ಹೇಳಿದ ಆಣೆಯೇ ಭಾರ.

ಸೊಪ್ಪು ಕಡಿಯುವ ಕೊಡಲಿ ಹೆಗಲಿಗೇರಿತು.

ಗದ್ದೆಯ ಮೂಡಣಕ್ಕೆ, ಗಾಳಿಯ ಮೇಲುಬದಿಗೆ ಸೂರಯ್ಯನ ಮನೆ; ಮರಿಗಳ ಕೂಗು ಅತ್ತ ಮುಟ್ಟಿರಲಿಲ್ಲ. ಮೂವರು ಆಳುಗಳು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದರು. ಒಬ್ಬ "ಏನಪಾ" ಎಂದು ಎದುರು ಬಂದ. ಕೊಡಲಿಯ ಹಿಂಬದಿ ಅವನ ದವಡೆಗೆ ಬಿತ್ತು. ಹಲ್ಲು ಬಾಗಿಲ ರಂಗೋಲಿಯ ಮೇಲೆ ಉದುರಿದವು. ಇನ್ನೊಬ್ಬನ ಮೊಣಕಾಲಿಗೆ ಕೊಡಲಿಯ ಕಾವು ಬೀಸಿದ. ಅವನು ಕುಸಿದಲ್ಲೇ ಕಾಲು ಹಿಡಿದು ಹೊರಳಾಡಿದ. ಮೂರನೆಯವನು ಗೋಡೆ ಹಾರಿದ. ಸೂರಯ್ಯನ ಹೆಂಡತಿ ಒಲೆಯ ಮುಂದಿನಿಂದ ಎದ್ದವಳೇ ಅನ್ನ ಬಸಿದ ಬಿಸಿ ಗಂಜಿಯನ್ನು ತಪ್ಪಲೆಯಿಂದಲೇ ಗೋಣೆಪ್ಪನ ಎದೆಗೆ ಎರಚಿದಳು. ಎದೆಯ ಚರ್ಮ ಎದ್ದಿತು. ಗೋಣೆಪ್ಪನಿಗೆ ಅದು ತಿಳಿಯಲೇ ಇಲ್ಲ. ಉಣ್ಣಲು ಕೂತ ಸೂರಯ್ಯ ತಟ್ಟೆ ಬಿಟ್ಟು ಏಳುತ್ತಿದ್ದ.

"ಮರಿ ಸುಟ್ಟೆಲ್ಲೋ! ನನ್ನ ಹೆಂಡತಿ ಸುಟ್ಟೆಲ್ಲೋ! ಕರದು ಸುಟ್ಟೆಲ್ಲೋ!"

ಮೊದಲ ಏಟಿಗೆ ಸೂರಯ್ಯ ಎಡಗೈ ಅಡ್ಡ ಹಿಡಿದ. ಎರಡು ಬೆರಳು ತಟ್ಟೆಯ ಅನ್ನದೊಳಗೆ ಬಿದ್ದವು. ಬಿಳಿ ಅನ್ನ ಕೆಂಪಾಯಿತು. ಎರಡನೆಯ ಏಟಿಗೆ ಕೊಡಲಿ ಎತ್ತಿದಾಗ ಹಿಂದಿನಿಂದ ಯಾರೋ ಅವನನ್ನು ತಬ್ಬಿ ಹಿಡಿದರು. ಗದ್ದಲ ಕೇಳಿ ಟ್ರ್ಯಾಕ್ಟರಿನಿಂದ ಹಾರಿ ಓಡಿಬಂದ ಮಕ್ಬುಲಸಾಬ.

"ಅಣ್ಣಾ! ಅಲ್ಲಾನ ಆಣಿ ಐತಿ, ಕೊಡಲಿ ಇಳಸು!"

"ಬಿಡೋ ಸಾಬಾ, ಇಲ್ಲಂದರ ಮೊದಲು ನಿನ್ನ ಕಡೀತೀನಿ!"

ಸೂರಯ್ಯ ರಕ್ತ ಸುರಿಯುವ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಗೋಡೆಗೆ ಒರಗಿದ್ದ. ನೋವಿಗಿಂತ ಅಚ್ಚರಿ ಅವನ ಮುಖದ ತುಂಬ ಇತ್ತು. "ಚೆಪ್ಪಾನು ಕದಯ್ಯಾ!" ಎಂದು, ಹೇಳಿದ್ದೆನಲ್ಲಯ್ಯ ಎಂದು, ತನ್ನ ತಾಯಿನುಡಿಯಲ್ಲೇ ಅತ್ತ. "ನಿನ್ನೆನೇ ಚೆಪ್ಪಾನು! ರೇಪು ಸಾಯಂತ್ರಂ ಮಂಟ ಪೆಡತಾಂ ಅನಿ! ನುವ್ವು ಸರೇ ಅನ್ನಾವು!"

"ಹೌದೋ ಹೌದು! ಕುರಿ ತರುಬು ಅಂದಿ! ಮಂದ ಪೆಡತಾಂ ಅಂದಿ! ಈ ಕಿವಿಲೆ ಕೇಳೀನಿ!"

ಮಕ್ಬುಲಸಾಬನ ಹಿಡಿತ ಸಡಿಲಾಯಿತು. ಎರಡೂ ಭಾಷೆ ಬಲ್ಲವನು ಅವನು. ಸತ್ತವರ ಮನೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದ:

"ಅಣ್ಣಾ, ಮಂದ ಅಲ್ಲೋ. ಮಂಟ. ಮಂಟ ಅಂದರ ಬೆಂಕಿ. ನಾಳೆ ಸಂಜಿಗೆ ಬೆಂಕಿ ಇಡತೀವಿ ಅಂದಾನ ಅವ."

ಒಂದೇ ಒಂದು ಅಕ್ಷರ. ಚುಟ್ಟ ಕಚ್ಚಿದ ಹಲ್ಲಿನ ನಡುವೆ ಮೆತ್ತಗಾಗಿ, ಟ್ರ್ಯಾಕ್ಟರಿನ ಸದ್ದಿನಲ್ಲಿ ಹೊರಳಿ, ಆಸೆ ತುಂಬಿದ ಕಿವಿಯಲ್ಲಿ ಬೇರೆಯೇ ಆಗಿ ಬಿದ್ದ ಒಂದು ಅಕ್ಷರ. ಗೋಣೆಪ್ಪನ ಕಣ್ಣ ಮುಂದೆ ಬಸಿಗಾಲುವೆಯ ಕೆಸರು ಬಂತು. ಇನ್ನೊಮ್ಮೆ ಕೇಳಿಕೊಂಡು ಬಾ, ಎಂದಿದ್ದಳು ಗಾಳೆಮ್ಮ.

"ನಾನು ಗದ್ದೆ ನೋಡಲಿಲ್ಲ" ಎಂದ ಸೂರಯ್ಯ, ಈಗ ಕನ್ನಡದಲ್ಲಿ, ಮಗುವಿನಂತೆ ಬಿಕ್ಕುತ್ತ. "ಒಂದು ಸುತ್ತು ಬರಲಿಲ್ಲ. ನೋಡಿದ್ದರೆ ಕಾಣುತ್ತಿತ್ತು."

ಗೋಣೆಪ್ಪನ ಕೈಯಿಂದ ಕೊಡಲಿ ಜಾರಿತು. ಆಣೆ ಮಾತ್ರ ಜಾರಲಿಲ್ಲ. ಯಾರ ತಪ್ಪಿನಿಂದ ಆಯಿತೋ ಅವನ ರಕ್ತ ಎಂದಿದ್ದ. ಸೂರಯ್ಯನ ಪಾಲಿನದು ತಟ್ಟೆಯಲ್ಲಿ ಬಿದ್ದಿತ್ತು. ಇನ್ನೊಂದು ಪಾಲು ಉಳಿದಿತ್ತು. ಕುರುಬರು ತಮ್ಮ ಕುರಿಯ ಗುರುತಿಗೆ ಅದರ ಕಿವಿ ಕತ್ತರಿಸುತ್ತಾರೆ. ಗೋಣೆಪ್ಪನ ಮನೆಯ ಗುರುತು ಬಲಗಿವಿಯ ತುದಿಯಲ್ಲಿ ಒಂದು ಕಚ್ಚು. ನಡುವಿನ ಚೀಲದಿಂದ ಆ ಸಣ್ಣ ಚೂರಿ ತೆಗೆದ. ಮಕ್ಬುಲಸಾಬ "ಯಾ ಅಲ್ಲಾ" ಎನ್ನುವುದರೊಳಗೆ ತನ್ನ ಬಲಗಿವಿಯನ್ನು ತಾನೇ ಹಿಡಿದು ಕಚ್ಚು ಹಾಕಿದ. ರಕ್ತ ಕೊರಳಿಗೆ ಇಳಿದು, ಗಂಜಿಯಲ್ಲಿ ಬೆಂದ ಎದೆಯ ಮೇಲೆ ಹರಿಯಿತು.

ಯಾರನ್ನೂ ನೋಡದೆ ಅವನು ಗದ್ದೆಗೆ ನಡೆದ.

ಹೊತ್ತು ಮುಳುಗುತ್ತಿತ್ತು. ಗಾಳೆಮ್ಮ ಬದುವಿನ ಮೇಲೆ ಕೂತಿದ್ದಳು. ಕೆಸರು ಮೆತ್ತಿದ ಎರಡು ಕೈಗಳನ್ನು, ಯಾರೋ ಏನೋ ಕೊಡುತ್ತಾರೆಂಬಂತೆ, ಮುಂದೆ ಚಾಚಿದ್ದಳು. ಒಂಬತ್ತು ಮರಿ ಅವಳ ಸುತ್ತ ನಡುಗುತ್ತಿದ್ದವು. ಅವುಗಳ ಒಂಬತ್ತು ತಾಯಿಕುರಿಗಳು ಹಾಲೂಡಿಸುತ್ತಿದ್ದವು. ಗಂಡನ ಕಿವಿಯನ್ನು ಅವಳು ನೋಡಿದಳು. ಅವನು ಆ ಎರಡು ಮಾತುಗಳನ್ನು ಹೇಳಿದ. ಮಂಟ. ಮಂದ.

ಅವಳು ಸುಟ್ಟ ಬಲೆಯ ಕಡೆ ಮುಖ ತಿರುಗಿಸಿದಳು.

"ನಗಾಕ ಕರಿಯನೂ ಉಳೀಲಿಲ್ಲ ಮಾವ" ಎಂದಳು.

ಉಳಿದ ಕುರಿಗಳನ್ನು ಹೊಡೆದುಕೊಂಡು ಹೋಗಲು ಗೋಣೆಪ್ಪ ಎದ್ದ. ಕುರಿಗಳು ಹೋಗಲಿಲ್ಲ. ಇಪ್ಪತ್ತೆರಡು ತಾಯಿಕುರಿಗಳು ಸುಟ್ಟ ಬಲೆಯ ಸುತ್ತ ಬೂದಿ ಮೂಸುತ್ತ, ಒಂದನ್ನು ಇನ್ನೊಂದು ತಳ್ಳುತ್ತ, ಗುಟುರು ಹಾಕುತ್ತ ತಿರುಗುತ್ತಿದ್ದವು. ಅವುಗಳನ್ನು ಬಿಟ್ಟು ಹಿಂಡು ಕದಲಲಿಲ್ಲ. ಬಿಗಿದ ಕೆಚ್ಚಲಿನಿಂದ ಹಾಲು ತಾನೇ ತಾನಾಗಿ ಬೂದಿಗೆ ತೊಟ್ಟಿಕ್ಕುತ್ತಿತ್ತು. ಕೋಲು ಬೀಸಿದ, ಹೋಗಲಿಲ್ಲ. ಕೂಗಿದ, ಹೋಗಲಿಲ್ಲ. ಒಂದೊಂದಾಗಿ ಮುಂಗಾಲು ಮಡಿಚಿ, ಇನ್ನೂ ಬೆಚ್ಚಗಿದ್ದ ಕರಿ ನೆಲದ ಮೇಲೆ ಮಲಗಿದವು.

ಹೀಗೆ ಸೂರಯ್ಯ ಹೇಳಿದ್ದೂ ನಡೆಯಿತು, ಗೋಣೆಪ್ಪ ಕೇಳಿದ್ದೂ ನಡೆಯಿತು. ಆ ಸಂಜೆ ಆ ಗದ್ದೆಯಲ್ಲಿ ಬೆಂಕಿಯೂ ಬಿತ್ತು, ಕುರಿಯೂ ತರುಬಿದವು.

ಪೊಲೀಸರು ಬರಲಿಲ್ಲ, ಸೂರಯ್ಯ ಕರೆಯಲಿಲ್ಲ. ಗಂಗಾವತಿಯ ಡಾಕ್ಟರರಿಗೆ ಮೇವು ಕತ್ತರಿಸುವ ಕಟರಿಗೆ ಬೆರಳು ಸಿಕ್ಕಿತೆಂದು ಹೇಳಿದನಂತೆ. ಅದೇ ಟ್ರ್ಯಾಕ್ಟರಿನಲ್ಲಿ ಮಕ್ಬುಲಸಾಬ ಗಾಳೆಮ್ಮನನ್ನೂ ಆಸ್ಪತ್ರೆಗೆ ಒಯ್ದ. ಅವಳ ಬೆರಳುಗಳು ಒಂದಕ್ಕೊಂದು ಕೂಡಿಕೊಂಡೇ ಮಾಗಿದವು. ಮುಂದೆ ಅವಳು ಹಗ್ಗ ಬಿಚ್ಚಲಿಲ್ಲ, ಮರಿ ಎತ್ತುವಾಗ ಮೊಣಕೈ ಮಡಿಚಿ ಎತ್ತುತ್ತಿದ್ದಳು. ಒಂಬತ್ತು ಮರಿಗಳಿಂದ ಹಿಂಡು ಮತ್ತೆ ಬೆಳೆಯಿತೇ ಎಂದು ಕೇಳಿದರೆ, ಬೆಳೆಯಿತು, ಮೊದಲಿನಷ್ಟಲ್ಲ. ಗೋಣೆಪ್ಪ ಕಾಲುವೆ ಸೀಮೆಗೆ ಮತ್ತೆ ಇಳಿಯಲಿಲ್ಲ. ತೆಲುಗು ಆಡಲಿಲ್ಲ.

ಆ ಬೇಸಿಗೆ ಸೂರಯ್ಯನ ಗದ್ದೆಯಲ್ಲಿ ಭತ್ತ ಎದೆಯೆತ್ತರ ಬಂತು. ಯೂರಿಯಾ ಒಂದು ಹಿಡಿ ಹಾಕಿರಲಿಲ್ಲ. ಸುತ್ತಲಿನವರು ಬಂದು ತೆನೆ ಹಿಡಿದು ನೋಡಿದರು, ಯಾವ ಗೊಬ್ಬರ ಎಂದು ಕೇಳಿದರು. ಸೂರಯ್ಯ ಅದರ ಒಂದು ಕಾಳನ್ನೂ ಮನೆಗೆ ಒಯ್ಯಲಿಲ್ಲ. ಇಡಿಯಾಗಿ ಲೆವಿಗೆ ಹಾಕಿದ. ಯಾವ ಊರಿನ ಯಾವ ರೇಶನ್ ಅಂಗಡಿಯ ಮುಂದೆ ಯಾರ ಚೀಲಕ್ಕೆ ಅದು ಬಿತ್ತೋ, ಯಾವ ಹಸಿದ ಮಗು ಅದನ್ನು ಉಂಡು ನಿದ್ದೆ ಹೋಯಿತೋ. ಉಂಡವರ ಹೊಟ್ಟೆ ತಣ್ಣಗಿರಲಿ.

ಮುಂದಿನ ಪುಷ್ಯದಲ್ಲಿ ಮತ್ತೆ ಹೊಗೆ ಎದ್ದಿತು. ನಾಲ್ಕು ದಿಕ್ಕಿಗೂ ಎದ್ದಿತು. ಸೂರಯ್ಯನ ಗದ್ದೆಯಲ್ಲೂ ಎದ್ದಿತು. ಹತ್ತನೆಯ ತಾರೀಕು ಅವನಿಗೂ ಇತ್ತು. ಆದರೆ ಕಡ್ಡಿ ಗೀರುವ ಮುಂಚೆ ಅವನು ಮೂರೇ ಬೆರಳಿನ ಎಡಗೈಯಲ್ಲಿ ಹಿತ್ತಾಳೆ ತಟ್ಟೆ ಹಿಡಿದು, ಬಾಯಲ್ಲಿ ಚುಟ್ಟ ಇಲ್ಲದೆ, ಗದ್ದೆಯ ಸುತ್ತ ಬಡಿಯುತ್ತ ನಡೆದ. ನಡುವಿನ ಜಾಲಿಗಿಡದವರೆಗೂ ಹೋಗಿ ಇಣುಕಿ ನೋಡಿದ. ಏರಿಯ ಮೇಲೆ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಮಕ್ಬುಲಸಾಬ ಕೇಳಿದ: ಸೂರಯ್ಯ ಕನ್ನಡದಲ್ಲಿ ಕೂಗುತ್ತಿದ್ದ, ಒಂದೊಂದು ಅಕ್ಷರ ಬಿಡಿಸಿ ಬಿಡಿಸಿ.

"ಬೆಂಕಿ ಇಡತೀನಿ! ಬೆಂಕಿ! ಯಾರಾದರೂ ಇದ್ದರೆ ಹೊರಗೆ ಬರ್ರಿ!"

ಯಾರೂ ಇರಲಿಲ್ಲ. ಒಂದು ಮೊಲ ಹಾರಿ ಓಡಿತು.